ಬಂದವರನ್ನೆಲ್ಲ ಬರೆದುಕೊಂಡ ಜಮಾದಾರರು

೧೯೫೮ನೇ ಇಸವಿ ಆಗಸ್ಟ್ ೧೭, ಭಾನುವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಈ ಪತ್ರಿಕೆಗಾಗಿ ಬರೆಯಲು ಕೂತಿದ್ದೇನೆ. ಬೆಟಗೇರಿಯ ನಮ್ಮ ಓಣಿಯಲ್ಲಿ ಆಗಲೇ ಮಗ್ಗಗಳು ಎದ್ದಿವೆ. ಅವ್ವ ಎರಡು ಸಲ ಚಹಾ ಇಟ್ಟು ಹೋದಳು. ಮೊದಲನೆಯದು ಆರಿತ್ತು.

ನಿನ್ನೆ ಮಧ್ಯಾಹ್ನ ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಹರಿಯುತ್ತ, "ನಿಮ್ಮ ಜಮಾದಾರರು ಬುಧವಾರ ಹೋದ್ರಲ್ಲರಿ, ಖಬರ ಬರಲಿಲ್ಲೇನು?" ಎಂದ.

"ಎಲ್ಲಿಗೆ ಹೋದ್ರು?" ಎಂದು ಕೇಳಿದೆ.

ಅವನು ಮೇಲಕ್ಕೆ ಕೈ ಮುಗಿದು ಮುಂದಿನ ಸೀಟಿಗೆ ಸರಿದ. ಆಗ ತಿಳಿಯಿತು.

ರಾತ್ರಿ ಊಟಕ್ಕೆ ಮುಂಚೆ ದಿನಚರಿ ತೆಗೆದು ಎಣಿಸಿದೆ. ಅವರು ನನ್ನ ಪುಟಗಳಲ್ಲಿ ನಲವತ್ತೊಂದು ದಿನ ಬಂದಿದ್ದಾರೆ. ಮೂವತ್ತಾರು ದಿನ ನಗಿಸಿದ್ದಾರೆ, ನಾಲ್ಕು ದಿನ ಬೈದಿದ್ದಾರೆ, ಒಂದು ದಿನ ಏನೂ ಮಾತಾಡಿಲ್ಲ. ಹುಟ್ಟಿದ ಊರು, ಮದುವೆಯ ವರ್ಷ, ಮಕ್ಕಳೆಷ್ಟು ಎಂಬುದನ್ನು ನಾನು ಕೇಳಲೇ ಇಲ್ಲ. ಹೆಸರನ್ನೂ ಬರೆಯುವುದಿಲ್ಲ. "ಬರಿಯಾವನ ಹೆಸರು ಕಾಗದದಾಗ ಬಂತಂದ್ರ ಅವ ಏನೋ ತಪ್ಪ ಮಾಡ್ಯಾನಂತ ತಿಳಿ," ಎಂದು ಅವರೇ ಹೇಳಿದ್ದರು. ಅವರ ಠಾಣೆಯ ಹೆಸರನ್ನೂ ಊರಿನ ಹೆಸರನ್ನೂ ಬಿಡುತ್ತೇನೆ. ಲಕ್ಷ್ಮೇಶ್ವರದ ಆಚೆ, ಎರೆಹೊಲಗಳ ನಡುವೆ ಎಂದರೆ ಸಾಕು.

ನಮ್ಮ ಪರಿಚಯ ಆದದ್ದು ಖೂನಿಯ ಲೆಕ್ಕದಿಂದ. ೧೯೫೬ರ ನವೆಂಬರಿನಲ್ಲಿ ನಾವು ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದೆವಷ್ಟೆ. ಮನೆ ಬದಲಾಯಿಸಿದವರು ಮೊದಲ ದಿನ ಪಾತ್ರೆ ಎಣಿಸುವ ಹಾಗೆ ಹೊಸ ಸರಕಾರ ಎಲ್ಲವನ್ನೂ ಎಣಿಸತೊಡಗಿತು. ಬಾವಿ ಎಣಿಸಿತು, ಸೇತುವೆ ಎಣಿಸಿತು, ಆಮೇಲೆ ಜಗಳಕ್ಕೆ ಬಂತು. ಹತ್ತು ವರ್ಷಗಳಲ್ಲಿ ಆದ ಖೂನಿ, ದರೋಡೆ, ದೊಂಬಿ, ಗಾಯ ಎಷ್ಟು, ಏರಿವೆಯೋ ಇಳಿದಿವೆಯೋ, ಕೋಷ್ಟಕ ಮಾಡಿ ಕಳಿಸಿರಿ ಎಂದು ಬೆಂಗಳೂರಿನಿಂದ ಕಾಗದ ಬಂತು. ಗದಗಿನಲ್ಲಿ ಒಬ್ಬ ಪೊಲೀಸ್ ಅಧಿಕಾರಿಯ ಕಚೇರಿಯಲ್ಲಿ ನಾನು ಹಂಗಾಮಿ ಕಾರಕೂನ. ವಯಸ್ಸು ಇಪ್ಪತ್ತೆರಡು, ಅಕ್ಷರ ಚೆಂದ. ಅಧಿಕಾರಿಗಳನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಅವರು ನನ್ನ ಕೈಗೆ ಒಂದು ಚೀಲ ಕೊಟ್ಟು, "ಠಾಣೆ ಠಾಣೆಗೆ ಹೋಗಿ ದಫ್ತರ ನೋಡಿ ಬರ್ರಿ," ಎಂದರು.

ಮುಂಡರಗಿ ಮೊದಲಿನಿಂದ ಮುಂಬಯಿ ಸರಕಾರದ್ದು. ಶಿರಹಟ್ಟಿ, ಲಕ್ಷ್ಮೇಶ್ವರಗಳು ಸ್ವಾತಂತ್ರ್ಯ ಬರುವವರೆಗೆ ಬೇರೆ ಬೇರೆ ಸಂಸ್ಥಾನಗಳವು. ಒಂದೊಂದು ಸರಕಾರ ಒಂದೊಂದು ಬಗೆಯಲ್ಲಿ ಏಟನ್ನು ಬರೆದಿತ್ತು. ಮುಂಬಯಿಯ ದಫ್ತರದಲ್ಲಿ ಸಾದಾ ಗಾಯ ಬೇರೆ, ಭಾರಿ ಗಾಯ ಬೇರೆ. ನಾನು ನೋಡಿದ ಸಂಸ್ಥಾನದ ದಫ್ತರದಲ್ಲಿ ಕಪಾಳಕ್ಕೆ ಬಿದ್ದದ್ದೂ ಕಾಲು ಮುರಿದದ್ದೂ ಮಾರಾಮಾರಿ ಎಂಬ ಒಂದೇ ಕಲಮಿನಲ್ಲಿ.

ಜಮಾದಾರರ ಠಾಣೆಗೆ ನಾನು ಹೋದದ್ದು ೧೯೫೭ರ ಫೆಬ್ರವರಿ ೧೨, ಮಂಗಳವಾರ, ಹನ್ನೊಂದೂಕಾಲಿಗೆ. ಬಾಗಿಲಲ್ಲಿ ನಿಂತವನಿಗೆ ಕಂಡದ್ದು ಇಷ್ಟು. ಐವತ್ತೈದರ ಹತ್ತಿರದ ಒಬ್ಬ ಪೊಲೀಸು ಸ್ಟೂಲಿನಿಂದ ಎದ್ದು ಎಡಗೈ ಚಾಚಿ ನಿಂತಿದ್ದಾರೆ. ಎದುರಿಗೆ ಒಬ್ಬ ಮುದುಕಿ ಗೆರೆ ಎಳೆಯುವ ರೂಲುದೊಣ್ಣೆ ಎತ್ತಿ ಹಿಡಿದಿದ್ದಾಳೆ.

"ಎಷ್ಟ ಜೋರ ಹೊಡದ್ಲು? ತೋರಸು, ಗಂಗವ್ವಾ."

ಗಂಗವ್ವ ಬಾರಿಸಿದಳು. ಹೊರಗಿನ ಕಟ್ಟೆಯ ಮೇಲಿದ್ದ ನಾಯಿ ಎದ್ದು ಹೋಯಿತು.

"ಯವ್ವಾ!" ಎಂದರು ಜಮಾದಾರರು, ಕೈ ಉಜ್ಜಿಕೊಳ್ಳುತ್ತ. "ಅಕಿ ಇಷ್ಟ ಹೊಡದಿದ್ರ ನೀ ಹರದಾರಿ ನಡಕೋತ ಇಲ್ಲಿಗೆ ಬರತಿದ್ದಿಲ್ಲ. ಖರೆ ತೋರಸು."

ಎರಡನೇ ಏಟು ಮೆಲ್ಲಗೆ ಬಿತ್ತು.

"ಹಾಂ, ಇದು ಹೊಂದತೈತಿ. ಕುಂಡ್ರು, ಬರಕೊಳ್ತೀನಿ."

ಕೋಳಿಯ ಸಲುವಾಗಿ ನೆರೆಯವಳು ಕಸಬರಿಗೆಯಿಂದ ಹೊಡೆದ ಪ್ರಕರಣ ಅದು. ಹತ್ತು ನಿಮಿಷ ಬರೆದರು. ನಡುನಡುವೆ ನಿಬ್ಬನ್ನು ತಮ್ಮ ಬಿಳಿಗೂದಲಿಗೆ ಒರೆಸಿಕೊಳ್ಳುತ್ತಿದ್ದರು. ಬಲಗಿವಿಯ ಮೇಲಿನ ಕೂದಲು ನೀಲಿಯಾಗಿತ್ತು. ಆಮೇಲೆ ನನ್ನ ಕಡೆ ತಿರುಗಿ, "ಬಾ ತಮ್ಮಾ, ನಿನಗ್ಯಾರು ಹೊಡದ್ರು?" ಎಂದರು.

ಲೆಕ್ಕಕ್ಕೆ ಬಂದವನು ಎಂದೆ.

"ಹಂಗಾರ ಇನ್ನ ಹೊಡೀಬೇಕಾಗೇತಿ," ಎಂದು ದಫ್ತರ ಇಳಿಸಿದರು.

ಏಟು ತೋರಿಸುವ ಈ ಪದ್ಧತಿ ಯಾವ ಕಾಯಿದೆಯಲ್ಲೂ ಇರಲಿಲ್ಲ. ಬಾಯಿ ಸುಳ್ಳು ಹೇಳುತ್ತದೆ, ಕೈ ಎರಡನೇ ಸಲಕ್ಕೆ ಖರೆ ಹೇಳುತ್ತದೆ ಎಂಬುದು ಅವರ ಅನುಭವ. ಸಂತೆಯ ದಿನ ಎಡತೋಳು ಬಾತುಕೊಳ್ಳುತ್ತಿತ್ತು. ಮಂದಿಗಂತೂ ಇದು ಬಹಳ ರುಚಿಸಿತ್ತು. ಪೊಲೀಸರಿಗೆ ಹೊಡೆದು ಕುಶಾಲಿನಿಂದ ಮನೆಗೆ ಹೋಗಬಹುದಾದ ಠಾಣೆ ಇನ್ನೊಂದು ಎಲ್ಲಿತ್ತು? ಉಪ್ಪು, ಮೆಣಸಿನಕಾಯಿ ಕೊಳ್ಳಲು ಬಂದವರು ಹೋಗುವಾಗ ಒಂದು ಫಿರ್ಯಾದಿಯನ್ನೂ ಕೊಟ್ಟು ಹೋಗುತ್ತಿದ್ದರು. ಜಮಾದಾರರು ಒಬ್ಬರನ್ನೂ ತಿರುಗಿ ಕಳಿಸಿದವರಲ್ಲ. "ಬಂದಾರಂದ್ರ ನೋವಾಗೇತಿ. ಕೈಗೋ, ಮಾನಕ್ಕೋ, ಅದನ್ನ ಕೋರ್ಟು ನೋಡಿಕೊಳ್ಳಲಿ."

ಅದೇ ಸ್ಟೂಲಿನ ಮೇಲೆ ಕೂತು ಅವರು ಮೂರು ಸರಕಾರಗಳ ಚಾಕರಿ ಮಾಡಿದ್ದರು. ಸಂಸ್ಥಾನದ ಸೊಂಟಪಟ್ಟಿ ಹೋಗಿ ಮುಂಬಯಿಯ ಪಟ್ಟಿ ಬಂತು, ಅದು ಹೋಗಿ ಮೈಸೂರಿನದು ಬಂತು. "ಬಕ್ಕಲ್ಲು ಬದಲಾತು, ಹೊಟ್ಟಿ ಅದ ಐತಿ," ಎನ್ನುತ್ತಿದ್ದರು. ಸಂಸ್ಥಾನದ ಕಾಲದಲ್ಲಿ ದಫ್ತರ ಮರಾಠಿಯಲ್ಲಿ, ಮೋಡಿ ಅಕ್ಷರದಲ್ಲಿ ಇರುತ್ತಿತ್ತು. ನನಗೆ ಓದಲು ಬಾರದು. ಅವರು ಓದುವರು, ನಾನು ಬರೆಯುವೆ. ಹೀಗೆ ಒಂಬತ್ತು ದಿನ ನಡೆಯಿತು.

ಐದನೆಯ ದಿನ ಅವರು ನನ್ನ ಖೂನಿಯ ಕಲಮಿನ ಮೇಲೆ ಬೆರಳಿಟ್ಟರು. "ತಮ್ಮಾ, ಈ ಕುರುಬರವನನ್ನ ಎಷ್ಟು ಸಲ ಕೊಂದಿ?"

ನೋಡಿದರೆ ಮೂರು ಸಲ. ಸಂಸ್ಥಾನದಲ್ಲಿ ಸತ್ತವನ ತಪಾಸು ಮುಗಿದಿರಲಿಲ್ಲ. ಸಂಸ್ಥಾನ ಮುಂಬಯಿಗೆ ಸೇರಿದಾಗ ಹೊಸ ನಂಬರು ಕೊಟ್ಟು ಅದನ್ನು ಹೊಸ ದಫ್ತರಕ್ಕೆ ಏರಿಸಿದ್ದರು. ಆಗಲೂ ಮುಗಿಯಲಿಲ್ಲ. ಮೈಸೂರಿಗೆ ಸೇರಿದಾಗ ಮತ್ತೆ ಏರಿತು.

"ದಫ್ತರ ಮೂರು ಅದಾವಲ್ಲರಿ," ಎಂದೆ.

"ಹೆಣ ಒಂದ ಐತೆಲ್ಲೊ. ಮೂರೂ ಸರಕಾರ ಕೂಡಿ ಒಬ್ಬನ್ನ ಹಿಡೀಲಿಲ್ಲ, ನೀ ಒಬ್ಬನ ಮೂರು ಖೂನಿ ಮಾಡಿದಿ."

ಖೂನಿಯನ್ನು ತಿದ್ದಿದೆ. ಗಾಯದ ಕಲಮನ್ನು ಅವರಿಗೆ ತೋರಿಸಲಿಲ್ಲ. ಗದಗಿಗೆ ಬಂದು, ಕೆಂಪು ಶಾಯಿಯಿಂದ ಕೂಡಿಸಿ, ಬೆಲೆ ಕಟ್ಟಲಾಗದ ಕೋಷ್ಟಕ ಎಂದು ನಾನೇ ಮೆಚ್ಚಿಕೊಂಡು ಸಾಹೇಬರ ಮುಂದಿಟ್ಟೆ.

ಸಾಹೇಬರು ಬೆರಳು ಎಳೆಯುತ್ತ ಬಂದು ಒಂದು ಊರಿನ ಹತ್ತಿರ ನಿಂತರು. ಗಂಗವ್ವನ ಊರು. ಸಂಸ್ಥಾನದ ವರ್ಷಗಳಲ್ಲಿ ಅಲ್ಲಿ ಹೊಡೆದಾಟವೇ ಇಲ್ಲ. ಮುಂಬಯಿಗೆ ಸೇರಿದ ಮೇಲೆ ತುಸು ಕಾಣಿಸಿಕೊಂಡಿತು, ಆಮೇಲೆ ಏರಿತು, ಕಳೆದ ವರ್ಷ ತಾಳೆಗಿಡದ ಹಾಗೆ ಎದ್ದು ನಿಂತಿತು.

"ಸ್ವಾತಂತ್ರ್ಯ ಬಂದದ್ದು ಈ ಊರಿಗೆ ಭಾಳ ತಲಿಗೇರೇತಿ," ಎಂದರು ಸಾಹೇಬರು. "ಕಾರಹುಣ್ಣಿಮಿಗಿಂತ ಮೊದಲ ಅಲ್ಲಿ ರಿಜರ್ವ್ ಪೊಲೀಸರನ್ನ ಕೂಡಸೋಣ. ಒಂದು ವರ್ಷ ಇರಲಿ. ಶಾಲಿ ಕಟ್ಟಡ ಐತಲ್ಲ?"

ಇತ್ತು. ಸ್ವಾತಂತ್ರ್ಯದ ಮರುವರ್ಷ ಊರವರು ಕಲ್ಲು ಹೊತ್ತು ಕಟ್ಟಿದ ಎರಡು ಕೋಣೆ. ಊರಲ್ಲಿ ಅಷ್ಟು ಮಂದಿ ಮಲಗಬಹುದಾದ ಕಟ್ಟಡ ಅದೊಂದೇ. ಒಂದು ವರ್ಷ ಶಾಲೆ ಮುಚ್ಚಿದರೆ ಹೊಲಕ್ಕೆ ಹೋದ ಮಕ್ಕಳು ತಿರುಗಿ ಹಲಗೆ ಹಿಡಿಯುವುದಿಲ್ಲ. ಇದು ನನಗೆ ಆಗ ಹೊಳೆಯಲಿಲ್ಲ. ನನ್ನ ಕೋಷ್ಟಕದ ಮೇಲೆ ಒಂದು ಹುಕುಂ ಹುಟ್ಟುತ್ತಿದೆ ಎಂಬ ಹೆಮ್ಮೆಯಲ್ಲಿ ಬಸ್ಸು ಹತ್ತಿ ಜಮಾದಾರರಿಗೆ ಹೇಳಲು ಹೋದೆ.

ಅವರು ಮಾತಾಡದ ಒಂದು ದಿನ ಎಂದೆನಲ್ಲ, ಅದು ಆ ದಿನ.

ಮರುದಿನ ತಾವಾಗಿಯೇ ಶುರು ಮಾಡಿದರು. "ಬರದದ್ದು ನಾ, ಕೂಡಿಸಿದ್ದು ನೀ. ಇಬ್ಬರೂ ಕೂಡಿ ಒಂದು ಶಾಲಿ ಮುಚ್ಚಿದ್ವಿ ನೋಡು."

ಆಮೇಲೆ ಬಿಡಿಸಿ ಹೇಳಿದರು. ಕಾರಹುಣ್ಣಿಮೆಯ ದಿನ ಆ ಊರಿನ ಅಗಸಿ ಬಾಗಿಲಿಗೆ ಬೇವಿನ ತೋರಣ ಕಟ್ಟಿ ಎತ್ತು ಓಡಿಸುತ್ತಾರೆ, ಅದಕ್ಕೆ ಕರಿ ಹರಿಯುವುದು ಎನ್ನುತ್ತಾರೆ. ತೋರಣ ಮೊದಲು ಹರಿದ ಎತ್ತು ಮೇಲಿನ ಓಣಿಯದೋ ಕೆಳಗಿನ ಓಣಿಯದೋ ಎಂದು ಪ್ರತಿ ವರ್ಷ ಬಡಿದಾಡುತ್ತಾರೆ. ಅವರ ಅಜ್ಜಂದಿರೂ ಬಡಿದಾಡಿದ್ದರು. ಸಂಸ್ಥಾನದ ಕಾಲದಲ್ಲಿ ಫಿರ್ಯಾದಿ ಕೊಟ್ಟರೆ ಸಾಕ್ಷಿಗಳ ಸಮೇತ ದೂರದ ರಾಜಧಾನಿಗೆ ಅಲೆಯಬೇಕಿತ್ತು, ಅದಕ್ಕೆ ಯಾರೂ ಕೊಡುತ್ತಿರಲಿಲ್ಲ. ಮುಂಬಯಿ ಬಂದ ಮೇಲೆ ಠಾಣೆಯಲ್ಲೇ ಕೊಡಬಹುದಾಯಿತು. ಮೊದಲು ಓಣಿಗೊಂದು ಕೊಟ್ಟರು. ಅಲ್ಲಿ ಹೊಸ ತಕರಾರು ಎದ್ದಿತು.

"ಒಬ್ಬನ ಫಿರ್ಯಾದಿಯೊಳಗ ಉಳದವರ ಹೆಸರು ಸಾಕ್ಷಿ ಅಂತ ಬರದಿದ್ದೆ. ಮರುದಿನ ಎಲ್ಲಾರೂ ಬಂದು ನಿಂತ್ರು. ನಮ್ಮ ಮನಿ ತಲಿ ಅವರ ಮನಿ ಕಾಗದದಾಗ ಯಾಕ, ನಮ್ಮ ಮನ್ಯಾಗ ಕಾಗದಕ್ಕ ಗತಿ ಇಲ್ಲೇನು, ಅಂತ ಕೇಳಿದ್ರು. ಕಳದ ವರ್ಷ ಒಂದು ಜಗಳಕ್ಕ ಹತ್ತೊಂಬತ್ತು ಫಿರ್ಯಾದಿ. ಗಂಗವ್ವ ಬರೇ ನೋಡಾಕ ನಿಂತಿದ್ಲು, ಒಂದು ಹಳ್ಳು ಹಣಿಗೆ ತಾಕಿತು. ಅಕಿದೂ ಒಂದು ನಂಬರು."

"ಹಂಗಾರ ಹೊಡೆದಾಟ ಏರಿಲ್ಲ?"

"ಹೊಡದಾಟ ಅಷ್ಟ ಐತಿ. ಬರಿಯಾವ ಏರ್ಯಾನ."

ಅಷ್ಟರಲ್ಲಿ ಊರಿಗೆ ಸುದ್ದಿ ಮುಟ್ಟಿತ್ತು. ಶಾಲೆಯ ಮಾಸ್ತರರು ಮುಂದೆ, ಎರಡೂ ಓಣಿಯವರು ಹಿಂದೆ, ಠಾಣೆಗೆ ಬಂದರು. ಅವರು ಒಟ್ಟಿಗೆ ಬಂದದ್ದು ಅದೇ ಮೊದಲು ಎಂದು ಮಾಸ್ತರರೇ ಹೇಳಿದರು.

"ಜಮಾದಾರ್ರ, ಒಂದಿಷ್ಟು ಅಳಿಸಿ ಬಿಡ್ರಲಾ," ಎಂದ ಒಬ್ಬ.

"ನನ್ನ ತಲಿ ವಾಪಸ್ ಕೊಡ್ರಿ ಮೊದಲ," ಎಂದಳು ಗಂಗವ್ವ. "ನನಗ ಏನೂ ಆಗಿಲ್ಲ. ಮೊಮ್ಮಗಳು ಈಗಿನ್ನ ಮೂರರ ತನಕ ಮಗ್ಗಿ ಕಲಿತಾಳ. ನನ್ನ ಹಣಿಗೆ ಅಕಿ ಶಾಲಿ ಹೋಗೂದು ಬ್ಯಾಡ."

ಜಮಾದಾರರು ದಫ್ತರದ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತರು. "ಯವ್ವಾ, ಇದರೊಳಗ ಬಿದ್ದದ್ದನ್ನ ನಾ ತೆಗಿಯಂಗಿಲ್ಲ. ಇವತ್ತ ನಿನ್ನ ಸಲುವಾಗಿ ತೆಗದ್ರ, ನಾಳೆ ನಿನಗ ಹೊಡದಾವನ ಸಲುವಾಗೂ ತೆಗೀಬೇಕಾಕ್ಕತಿ."

"ಮತ್ತ ಶಾಲಿ?"

"ಸಾಹೇಬ್ರು ಶುಕ್ರವಾರ ಬರ್ತಾರ. ನೀವೂ ಬರ್ರಿ. ನಾ ಕೇಳೂತನ ಒಬ್ಬರೂ ಬಾಯಿ ತೆಗಿಬ್ಯಾಡ್ರಿ."

ಮೂರು ದಿನ ನಾವಿಬ್ಬರೂ ಕೂತು ಗಾಯದ ಕಲಮನ್ನು ಬಿಚ್ಚಿದೆವು. ಅವರು ಪ್ರತಿ ಫಿರ್ಯಾದಿಗೂ ಏಟು ಬಿದ್ದ ದಿನ ಮತ್ತು ಹೊತ್ತನ್ನು ಬರೆದಿಟ್ಟಿದ್ದರು. ಒಂದೇ ಹೊತ್ತಿನವನ್ನೆಲ್ಲ ನಾನು ಒಂದು ಗುಂಪು ಮಾಡಿದೆ. ಬೆಟಗೇರಿಯ ನೇಕಾರರ ಮನೆಯವನು, ಎಳೆ ವಿಂಗಡಿಸುವುದು ನನಗೆ ಬರುತ್ತದೆ. ತಾಳೆಗಿಡ ಇಳಿಯುತ್ತ ಬಂತು. ಕೊನೆಗೆ ಉಳಿದದ್ದು ಪ್ರತಿ ವರ್ಷದ ಒಂದು ಕಾರಹುಣ್ಣಿಮೆ ಜಗಳ, ಅದರ ಜೊತೆಗೆ ಕೋಳಿ, ಬದು, ಬಾವಿಹಗ್ಗದ ಸಣ್ಣಪುಟ್ಟವು.

೧೯೫೭ರ ಮೇ ೨೪, ಶುಕ್ರವಾರ, ಹತ್ತೂ ಐದಕ್ಕೆ ಸಾಹೇಬರ ಜೀಪು ಬಂತು. ಹೊಸ ಕೋಷ್ಟಕ ನೋಡಿ ಹುಬ್ಬು ಏರಿಸಿದರು.

"ಒಂದ ಜಗಳ ಇದ್ರ ಹತ್ತೊಂಬತ್ತು ಯಾಕ ಬರದ್ರಿ?"

"ಹತ್ತೊಂಬತ್ತು ಮಂದಿ ಬಂದಿದ್ರು, ಸಾಹೇಬ್ರ."

"ಈಗ ಹುಕುಂ ಬಂದ ಮ್ಯಾಲೆ ಒಂದ ಅಂತೀರಿ. ಊರವರಿಗೆ ಹೆದರೀರೇನು?"

ಜಮಾದಾರರ ಮುಖ ಕೆಂಪಾಯಿತು. ನಾನು ಏನೋ ಹೇಳಲು ಹೋಗಿ ಶಾಯಿಕುಡಿಕೆ ಉರುಳಿಸಿದೆ. ಅವರು ಅದನ್ನು ನೆಟ್ಟಗೆ ಮಾಡಿ, "ಸಾಹೇಬ್ರ, ನಾ ಹೇಳೂದು ಬ್ಯಾಡ. ಹೊರಗ ಬರ್ರಿ, ಒಂದ ಮಾತ ಕೇಳ್ತೀನಿ," ಎಂದರು.

ಅಂಗಳದಲ್ಲಿ ಎರಡೂ ಓಣಿಯವರು ಒಗ್ಗಟ್ಟಿನ ಪ್ರತಿಮೆಗಳ ಹಾಗೆ ಕೂತಿದ್ದರು. ಜಮಾದಾರರು ಬಹಳ ಸಾವಕಾಶವಾಗಿ ಕೇಳಿದರು. "ಏನ್ರಪಾ, ಕಳದ ವರ್ಷ ಕರಿ ಹರದದ್ದು ಯಾರ ಎತ್ತು?"

"ನಮ್ಮದು," ಎಂದರು ಮೇಲಿನ ಓಣಿಯವರು.

"ಏ, ಯಾವಾಗಲೇ? ನಿಮ್ಮದು ಅಗಸಿಗೆ ಬರೂದ್ರಾಗ ನಮ್ಮದು ಗ್ವಾದಲಿಗೆ ಹೋಗಿ ಮೇವು ತಿಂತಿತ್ತು!"

ಅರ್ಧ ನಿಮಿಷದಲ್ಲಿ ರುಮಾಲು ಬಿಚ್ಚಿದವು. "ಈ ತಲಿ ಆವತ್ತ ಒಡದದ್ದು ನೋಡ್ರಿ ಸಾಹೇಬ್ರ," ಎಂದು ಒಬ್ಬ ಬಾಗಿದರೆ, "ಅವಂದೇನು, ನಂದು ನೋಡ್ರಿ, ಬೆರಳ ಹೋಗತೈತಿ," ಎಂದು ಮತ್ತೊಬ್ಬ ಬಾಗಿದ. "ಅದ ಹೊತ್ತಿನ್ಯಾಗ ನನಗ ಹಳ್ಳು ಬಡದದ್ದು," ಎಂದು ಗಂಗವ್ವ ನಡುವೆ ತೂರಿ ಹಣೆ ತೋರಿಸಿದಳು. ತಮ್ಮದನ್ನು ಲೆಕ್ಕದಿಂದ ತೆಗೆಯಿರಿ ಎಂದು ಬಂದವರು ಹತ್ತೊಂಬತ್ತೂ ಮಂದಿ, ಒಂದೇ ಜಗಳದ ಒಂದೇ ಹೊತ್ತಿಗೆ ಸಾಕ್ಷಿ ಹೇಳಿದರು. ಮಾಸ್ತರರು ತಲೆಯ ಮೇಲೆ ಕೈ ಇಟ್ಟುಕೊಂಡು ಗಿಡದ ಹಿಂದೆ ಹೋಗಿ ನಿಂತರು.

ಇನ್ನೇನು ಕಲ್ಲು ಏಳಬೇಕು, ಇಪ್ಪತ್ತನೆಯ ಫಿರ್ಯಾದಿ ಸಾಹೇಬರದೇ ಆಗಬೇಕು, ಅಷ್ಟರಲ್ಲಿ ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಟೊಪ್ಪಿಗೆ ತೆಗೆದು ಮುಖಕ್ಕೆ ಹಿಡಿದುಕೊಂಡರು. ಹನ್ನೊಂದಕ್ಕೆ ಇಪ್ಪತ್ತು ನಿಮಿಷ ಇರುವಾಗ ಹುಕುಂ ರದ್ದಾಯಿತು. ಕಾರಹುಣ್ಣಿಮೆಯ ಆ ಒಂದು ದಿನ ಇಬ್ಬರು ಪೊಲೀಸರು ಅಗಸಿಯಲ್ಲಿ ನಿಂತರೆ ಸಾಕು ಎಂದಾಯಿತು. ಜೂನಿನಲ್ಲಿ ಶಾಲೆ ತೆರೆಯಿತು.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ದಿನಚರಿಯಲ್ಲಿ ಇನ್ನೂ ಪುಟಗಳಿವೆ.

ತಿದ್ದಿದ ಕೋಷ್ಟಕ ಬೆಂಗಳೂರಿಗೆ ಹೋಯಿತು. ಹಳೆಯ ವರ್ಷಗಳ ಅಂಕಿಗಳನ್ನು ಹಿಂದೊಮ್ಮೆ ಮುಂಬಯಿಗೆ ಕಳಿಸಿದ್ದರಂತೆ. ಅವನ್ನು ಯಾರೂ ತಿದ್ದಲಿಲ್ಲ. ಹಳೆಯದಕ್ಕೆ ಆ ಅಂಕಿಯನ್ನೂ ಹೊಸದಕ್ಕೆ ನಮ್ಮದನ್ನೂ ಅಕ್ಕಪಕ್ಕ ಇಟ್ಟು ನೋಡಿದವರಿಗೆ, ಹೊಸ ರಾಜ್ಯ ಬಂದ ಕೂಡಲೇ ಆ ಭಾಗದಲ್ಲಿ ಹೊಡೆದಾಟ ಧಡಕ್ಕನೆ ಇಳಿದಂತೆ ಕಂಡಿತು. ಸಾಹೇಬರಿಗೆ ಶಾಭಾಸು ಬಂತು. ಶಾಭಾಸಿನ ಬೆನ್ನಿಗೆ ಒಂದು ಸೂಚನೆಯೂ ಬಂತು: ಇಳಿದದ್ದು ಏರದಂತೆ ನೋಡಿಕೊಳ್ಳತಕ್ಕದ್ದು.

ಜೂನ್ ಮೂವತ್ತಕ್ಕೆ ಜಮಾದಾರರು ನಿವೃತ್ತರಾದರು. ಅವರ ಸ್ಟೂಲಿಗೆ ಬಂದ ಹೊಸಬ ಆ ಸೂಚನೆಯನ್ನು ತನಗೆ ತಿಳಿದಂತೆ ಪಾಲಿಸಿದ. ಬಂದವರನ್ನು ಹೊರಗಿನಿಂದಲೇ ತಿರುಗಿ ಕಳಿಸತೊಡಗಿದ.

ಸೆಪ್ಟೆಂಬರಿನಲ್ಲಿ ನಾನು ಹೋದಾಗ ಜಮಾದಾರರು ಠಾಣೆಯ ಎದುರಿನ ಚಹಾದಂಗಡಿಯ ಬಾಕಿನ ಮೇಲೆ ಕೂತು ಬರೆಯುತ್ತಿದ್ದರು. ಪಕ್ಕದಲ್ಲಿ ಗಂಗವ್ವ, ಅವಳ ಮಗಳು. ಮಗಳ ಬಲಗೈಗೆ ಬಿದಿರಿನ ದಬ್ಬೆ ಕಟ್ಟಿತ್ತು. ಗಂಡ ನೊಗದ ಗೂಟದಿಂದ ಹೊಡೆದಿದ್ದ. ಕೋಳಿಯ ಜಗಳ ಬರೆದುಕೊಂಡ ಠಾಣೆ ಮುರಿದ ಕೈಯನ್ನು ಬರೆದುಕೊಳ್ಳಲಿಲ್ಲ.

"ನಂಬರು ಏರತಾವಂತ ತಮ್ಮಾ," ಎಂದಳು ಗಂಗವ್ವ ನನಗೆ. "ಇಕಿ ಕೈ ಯಾವ ನಂಬರಿನ್ಯಾಗೂ ಹಿಡಸಂಗಿಲ್ಲಂತ."

ಜಮಾದಾರರು ಆ ಮಗಳಿಗೆ, ಎಷ್ಟು ಜೋರು ಹೊಡೆದ ತೋರಿಸು ಎನ್ನಲಿಲ್ಲ. ಬರೆದು ಮುಗಿಸಿ, ಲಕೋಟೆಯಲ್ಲಿ ಹಾಕಿ, ನನ್ನ ಕೈಗೆ ಕೊಟ್ಟು, "ಅಂಚಿ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿಸಿ ಬಾ," ಎಂದರು. ಠಾಣೆ ಇದ್ದದ್ದು ಇಪ್ಪತ್ತು ಹೆಜ್ಜೆ ದೂರ.

"ಅಲ್ಲೇ ಕೊಟ್ಟು ಬರಲೇನ್ರಿ?"

"ಮಂದೀನ ಹೊರಗ ಹಾಕಬಹುದು. ರಿಜಿಸ್ಟರ್ ಟಪಾಲು ಬಂತಂದ್ರ ಸಹಿ ಮಾಡಿ ತಗೋಬೇಕು, ಆವಕ ದಫ್ತರದಾಗ ಬರೀಬೇಕು. ಮೂವತ್ತು ವರ್ಷ ಅದ ಮಾಡೇನಿ."

ನಾನು ಹೋಗಿ ಬಂದೆ. ಕೂತು ಚಹಾ ಕುಡಿಯಲು ಆಗಲಿಲ್ಲ. "ನನ್ನ ಕೋಷ್ಟಕ ಹಿಂಗ ಮಾಡ್ತಲ್ಲರಿ," ಎಂದೆ.

"ಖರೆ," ಎಂದರು. ಸಮಾಧಾನ ಹೇಳಲಿಲ್ಲ. ನಿಬ್ಬನ್ನು ಕೂದಲಿಗೆ ಒರೆಸಿಕೊಂಡು, "ಶಾಲಿನೂ ಅದ ಉಳಿಸ್ತು. ಎರಡೂ ಬರಕೋ," ಎಂದರು.

ಮುಂದೆ ಹನ್ನೊಂದು ತಿಂಗಳು, ಸಂತೆಯ ದಿನ ತಪ್ಪದೆ, ಅವರು ಆ ಬಾಕಿನ ಮೇಲೆ ಕೂತರು. ನಾನು ನೋಡಿದ ಆರು ದಿನಗಳಲ್ಲಿ ಇಪ್ಪತ್ಮೂರು ಅರ್ಜಿ ಬರೆದರು, ಎಲ್ಲವೂ ಟಪಾಲಿನಲ್ಲಿ ಇಪ್ಪತ್ತು ಹೆಜ್ಜೆ ಪ್ರಯಾಣ ಮಾಡಿದವು. ಗಂಗವ್ವನ ಮಗಳ ಅರ್ಜಿಯ ಮೇಲೆ ತಪಾಸು ನಡೆಯಿತು, ಅಳಿಯನಿಗೆ ಕೋರ್ಟಿನಿಂದ ಸಮನ್ಸ್ ಹೋಯಿತು. ಅಂಕಿಗಳು ಮತ್ತೆ ಏರಿದವು. ಈ ವರ್ಷ ಯಾರೋ ಸಾಹೇಬರನ್ನು, ನಿಮ್ಮ ಭಾಗದಲ್ಲಿ ಹಿಂಸೆ ಯಾಕೆ ಹೆಚ್ಚಿತು ಎಂದು ಕೇಳಿದರಂತೆ. ಕಾರಣ ಎಂಬ ಕಲಮಿನಲ್ಲಿ ಏನು ಬರೆಯಲಿ ಎಂದು ಅವರು ನನ್ನನ್ನು ಕೇಳಿದರು. ನಿವೃತ್ತ ಜಮಾದಾರರ ಆರೋಗ್ಯ ಚೆನ್ನಾಗಿದೆ ಎಂದು ನನ್ನ ಬಾಯಿಗೆ ಬಂದಿತ್ತು. ಹೇಳಲಿಲ್ಲ. ಅದು ಜುಲೈ ಎಂಟರಂದು.

ನಾನು ಎಲ್ಲವನ್ನೂ ಎಣಿಸಿಟ್ಟಿದ್ದೇನೆ. ನಾನು ಹೋಗದ ದಿನಗಳದು ಮಾತ್ರ ಇಲ್ಲ. ಜಮಾದಾರರು ನಕಲು ಇಟ್ಟುಕೊಳ್ಳುತ್ತಿರಲಿಲ್ಲ. ಅಂಚೆಯ ರಸೀದಿಯನ್ನು ಆಯಾ ಮನೆಯವರಿಗೇ ಕೊಡುತ್ತಿದ್ದರು. ಆದ್ದರಿಂದ ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಸುತ್ತಿನ ಹಳ್ಳಿಗಳಲ್ಲಿ ಯಾರ ಮನೆಯಲ್ಲಾದರೂ ಅಂಥ ರಸೀದಿ ಇದ್ದರೆ, ಇಲ್ಲವೆ ಅವರನ್ನು ನನಗಿಂತ ಹೆಚ್ಚು ಬಲ್ಲವರು ಇದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಬೇಕು. ಹೆಸರು ಬೇಡ. ಏಟು ಯಾವತ್ತು ಬಿತ್ತು, ಎಲ್ಲಿ ಬಿತ್ತು ಎಂದಿಷ್ಟು ಸಾಕು. ಠಾಣೆಯ ಬಾಗಿಲವರೆಗೆ ಹೋಗಿ, ಬಾಕು ಖಾಲಿ ಇದ್ದ ಕಾರಣ ಹಾಗೇ ತಿರುಗಿ ಬಂದವರು ಈ ವಾರ ಯಾರಾದರೂ ಇದ್ದರೆ, ಅವರೂ ಬರೆಯಬೇಕು. ಬರುವ ಸಂತೆಯಿಂದ ಆ ಬಾಕಿನ ಮೇಲೆ ನಾನು ಕೂರುತ್ತೇನೆ.